ಮುಂದಿನ ಸ್ಟಾಪ್ ಸ್ನಾನ
ನಮ್ಮ ಮಹಡಿ ಮನೆಯ ಕಂಡಕ್ಟರಿಗೆ ಡ್ಯೂಟಿ ಮುಗಿಯುವುದೆಂಬುದೇ ಇಲ್ಲ. ಬಸ್ಸಿನಿಂದ ಇಳಿದು ಬಂದು ಮನೆಯಲ್ಲೂ ಸ್ಟಾಪ್ ಕೂಗುತ್ತಾರೆ. ಮಕ್ಕಳಿಬ್ಬರಿಗೂ ಆಟಿಸಂ; ಮುಂದೇನು ಎಂದು ಮೊದಲೇ ತಿಳಿಸದಿದ್ದರೆ ಮನೆ ರಣರಂಗ. ಮಗನಿಗೆ ಕೂಗಿ ಹೇಳಿದರೇ ಸಮಾಧಾನ, ಮಗಳಿಗೆ ಕೂಗೆಂದರೇ ಆಗದು. ಹಾಗಾಗಿ ಒಂದು ಕೋಣೆಯಲ್ಲಿ "ಮುಂದಿನ ಸ್ಟಾಪ್ ಸ್ನಾನ! ಸ್ನಾನ ಯಾರ್ರೀ, ಇಳೀರಿ!" ಎಂದು ಅರಚಿ, ಬಾಗಿಲು ಮುಚ್ಚಿ, ಇನ್ನೊಂದು ಕೋಣೆಗೆ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ, ಮಗಳೆದುರು ಇಲ್ಲದ ಚೊಂಬಿನಿಂದ ಇಲ್ಲದ ನೀರನ್ನು ತಲೆಗೆ ಸುರಿದುಕೊಳ್ಳುತ್ತಾರೆ. ಈ ಚಟ ಈಗ ಎಲ್ಲೆ ಮೀರಿದೆ. ನನ್ನೊಡನೆ ಮಾತಾಡುತ್ತಲೇ ಮೂಗುಜ್ಜಿಕೊಂಡು, "ಸಾರ್, ಈಗೊಂದು ಸೀನು ಬರುತ್ತೆ, ಆಮೇಲೆ ವಿಷಯ," ಎನ್ನುತ್ತಾರೆ. ಹೆಂಡತಿಗೂ ಅಷ್ಟೇ: "ಮುಂದೆ ಜಗಳ ಕಣೇ, ಆಮೇಲೆ ಕಾಫಿ." ಆಕೆಯೇನು ಕಮ್ಮಿಯೇ? "ಜಗಳದ ಹತ್ರ ನಿಲ್ಸೋದು ಬೇಡ ರೀ, ಸೀದಾ ಕಾಫಿಗೇ ಬಿಡಿ." ಮೊನ್ನೆ ಬಸ್ಸಿನಲ್ಲಿ ಯಾರೋ ಅವರ ಕೊರಳಪಟ್ಟಿ ಹಿಡಿದು ಬೈದರಂತೆ. ಮನೆಗೆ ಬಂದವರು ಏನನ್ನೂ ಕೂಗದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮಗ ಬಂದು ಪಕ್ಕದಲ್ಲಿ ನಿಂತ, ಗೋಡೆ ನೋಡುತ್ತಾ, ಬೀದಿಗೆಲ್ಲ ಕೇಳುವಂತೆ ಕೂಗಿದ: "ಅಪ್ಪ ಅಳೋ ಸ್ಟಾಪ್! ಅಪ್ಪ ಅಳೋ ಸ್ಟಾಪ್! ಮುಂದಿನದು ಊಟ!" ಕಿವಿ ಮುಚ್ಚಿಕೊಂಡೇ ಹಿಂದೆ ಬಂದಿದ್ದ ಮಗಳು ಒಂದು ಕೈ ತೆಗೆದು, ಇಲ್ಲದ ತುತ್ತೊಂದನ್ನು ಅಪ್ಪನ ಬಾಯಿಗಿಟ್ಟಳು.