ದೊಡ್ಡ ಡಾಕ್ಟರು ಬಂದಾಗ ಕೂತೇ ಇದ್ದದ್ದು

ಮೊದಲ ದಿನದ ಮಾತುಕತೆಯನ್ನು ನಾವು ಬಾಯಿ ತೆರೆಯುವ ಮುಂಚೆಯೇ ಸೋತೆವು. ಗೋಕಾಕದ ನಮ್ಮ ಖಾಸಗಿ ಆಸ್ಪತ್ರೆಯ ನರ್ಸುಗಳು ಸಂಘ ಕಟ್ಟಿಕೊಂಡಿದ್ದೆವು. ಹೊಸ ಕರಾರಿನ ಬಗ್ಗೆ ಮಾಲೀಕರ ಎದುರು ಕೂತು ಮಾತಾಡುವವರು ಯಾರು ಎಂದಾಗ ಎಲ್ಲರೂ ಗೋಡೆ ನೋಡಿದರು. ಕೊನೆಗೆ ಕೈ ಎತ್ತಿದವರು ಮೂವರು: ನಾನು, ಮೂಡಲಗಿಯಿಂದ ದಿನಾ ಬಸ್ಸಿಗೆ ಬರುವ ಹಿರಿಯ ಸಿಸ್ಟರು, ಮತ್ತು ಹುಕ್ಕೇರಿಯ ಟೇಲರೊಬ್ಬರ ಮಗಳು. ಮಾಲೀಕರೇ ನಮ್ಮ ದೊಡ್ಡ ಡಾಕ್ಟರು. ಅವರು ಕೋಣೆಯೊಳಗೆ ಕಾಲಿಟ್ಟದ್ದೇ ತಡ, ಮೂವರೂ ದಡಕ್ಕನೆ ಎದ್ದು ನಿಂತೆವು. ಹಿರಿಯ ಸಿಸ್ಟರಂತೂ ರೌಂಡ್ಸಿನ ರೂಢಿಯಲ್ಲಿ ಕ್ಯಾಪು ತೆಗೆದ ಪೆನ್ನನ್ನು ಅವರ ಮುಂದೆ ಹಿಡಿದರು. ಅವರು ಕೂತರು, ನಮಗೆ ಕೂರಿ ಎನ್ನಲಿಲ್ಲ. ನಿಂತುಕೊಂಡೇ ಬೇಡಿಕೆ ಒಪ್ಪಿಸಿದೆವು. "ನೋಡೋಣು" ಎಂದರು. ನಮ್ಮ ಬಾಯಿಂದ ತಾನಾಗಿಯೇ "ಆತ್ರಿ ಸರ್" ಬಂತು. ಹೊರಗೆ ಬಂದ ಮೇಲೆ ನನಗೆ ಮೈಯೆಲ್ಲ ಉರಿಯಿತು, ಅವರ ಮೇಲಲ್ಲ, ನಮ್ಮ ಕಾಲುಗಳ ಮೇಲೆ.

ಸೋಲುವ ಹಾಗಿರಲಿಲ್ಲ. ಹುಕ್ಕೇರಿಯ ಹುಡುಗಿ ಬಸುರಿ. ಅವಳ ಗಂಡನಿಗೆ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ; ಮನೆ ನಡೆಯುತ್ತಿದ್ದದ್ದು ಇವಳ ಪಗಾರದ ಮೇಲೆ. ನಮ್ಮದೆಲ್ಲ ಹನ್ನೊಂದು ತಿಂಗಳ ಕರಾರು. ಹೊಟ್ಟೆ ಕಾಣತೊಡಗಿದವರನ್ನು ಯಾರೂ ಕೆಲಸದಿಂದ ತೆಗೆಯುತ್ತಿರಲಿಲ್ಲ, ಬರೇ ಹೊಸ ಕರಾರಿನ ಕಾಗದ ಬರುತ್ತಿರಲಿಲ್ಲ, ಅಷ್ಟೇ. ನಾನೂ ಮೊದಲ ಮಗುವಿನ ಹೊತ್ತಿಗೆ ಹಾಗೇ ಮನೆ ಸೇರಿ, ಆಮೇಲೆ ಹೊಸಬಳಂತೆ ಮತ್ತೆ ಸೇರಿಕೊಂಡವಳು. ಎಲ್ಲರದರ ಜೊತೆ ಇವಳ ಕರಾರೂ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಹೆರಿಗೆ ರಜೆ ಕೊಡಬೇಕು, ರಜೆ ಮುಗಿದ ಮೇಲೆ ಅದೇ ಕೆಲಸ ಕೊಡಬೇಕು, ಇದು ನಮ್ಮ ಮುಖ್ಯ ಬೇಡಿಕೆ. ಕಾನೂನಿನಲ್ಲಿ ಎಂದೋ ಬರೆದದ್ದನ್ನು ಕೈ ಮುಗಿದು ಕೇಳುವ ಗತಿ. ಊರಿನ ಬಾಣಂತಿಯರನ್ನೆಲ್ಲ ನೋಡಿಕೊಳ್ಳುವವರು ನಾವು, ನಮ್ಮಲ್ಲೊಬ್ಬಳು ಬಸುರಾದರೆ ಮಾತ್ರ ಅದು ಅಪರಾಧ.

ಆ ರವಿವಾರ ಇಬ್ಬರನ್ನೂ ಧುಪದಾಳದ ನಮ್ಮ ಮನೆಗೆ ಕರೆದೆ. ಕೂರುವುದನ್ನು ಕಲಿಯಬೇಕಿತ್ತು. ಮೊದಲು ಕುರಿ ಕಾಯುತ್ತಿದ್ದ, ಈಗ ಹೊಲ ನೋಡಿಕೊಳ್ಳುವ ನನ್ನ ಮಾವನಿಗೆ, "ನೀವು ಡಾಕ್ಟರ್ ಆಗ್ರಿ, ಹೊರಗಿಂದ ಒಳಗ ಬರ್ರಿ" ಎಂದೆ. ಅವರು ಹೆಗಲ ಮೇಲಿನ ಕಂಬಳಿ ಕಟ್ಟೆಯ ಮೇಲಿಟ್ಟು, ಗಂಟಲು ಸರಿಮಾಡಿಕೊಂಡು, ಗತ್ತಿನಿಂದ ಹೊಸ್ತಿಲು ದಾಟಿದರು. ಮೂವರೂ ಎದ್ದೆವು. ಮಾವ ಬಂದಾಗ ಸೊಸೆ ಕೂತಿರುವುದಿಲ್ಲ ಎಂಬುದೇ ನನಗೆ ಮರೆತುಹೋಗಿತ್ತು. ಉಳಿದಿಬ್ಬರೂ ಯಾರದೋ ಮನೆಯ ಸೊಸೆಯರೇ. ಇನ್ನೊಮ್ಮೆ ಬಂದರು, ಇನ್ನೊಮ್ಮೆ ಎದ್ದೆವು.

ಒಲೆಯ ಮುಂದಿದ್ದ ಅತ್ತೆ ಅಲ್ಲಿಂದಲೇ, "ಇವರಿಗೇ ಹಿಂಗ ಏಳಾಕತ್ರ, ಆ ಡಾಕ್ಟರ್ ಬಂದಾಗ ಕಾಲಿಗೇ ಬೀಳ್ತೀರಿ ನೀವು" ಎಂದರು.

ಮಾವನಿಗೆ ಹುರುಪು ಬಂತು. "ಏ, ಯಾರ ಬಂದಾರಂತ ಕಾಣವಲ್ತೇನು? ಏಳ್ರಿ ಮ್ಯಾಲೆ" ಎಂದು ಗದರಿಸತೊಡಗಿದರು. ಅವರು ಹೋಗಿ ಬಂದು ಹೋಗಿ ಬಂದು ದಣಿದರು, ನಾವು ಕುರ್ಚಿಯ ಅಂಚು ಹಿಡಿದು ಬೆವೆತೆವು. ಮೊಣಕಾಲು ನಮ್ಮ ಮಾತು ಕೇಳುತ್ತಿರಲಿಲ್ಲ. ಮೊದಲು ಪಾಸಾದವಳು ಬಸುರಿಯೇ. "ನಂಗೀಗ ಏಳೂದ ತ್ರಾಸ ಐತ್ರಿ, ಅದಕ್ಕ ಲಗೂ ಕಲಿತೆ" ಎಂದು ನಕ್ಕಳು. ಚಹಾ ಬರುವ ಹೊತ್ತಿಗೆ ನಾವಿಬ್ಬರೂ ಕಲಿತಿದ್ದೆವು.

ಮರುವಾರ ದೊಡ್ಡ ಡಾಕ್ಟರು ಬಂದಾಗ ಕೂತಲ್ಲಿಂದಲೇ ನಮಸ್ಕಾರ ಹೇಳಿದೆವು. ಅವರು ಬಾಗಿಲಲ್ಲೇ ನಿಂತರು. "ಯಾಕ, ಇವತ್ತ ಎಲ್ಲಾರಿಗೂ ಕಾಲ ನೋವೇನು?" ಎಂದರು.

"ವಾರ್ಡಿನ್ಯಾಗ ಏಳ್ತೀವ್ರಿ ಸರ್. ಇಲ್ಲಿ ಮಾತಾಡಾಕ ಬಂದೇವಿ. ನೀವೂ ಕುಂದರ್ರಿ" ಎಂದೆ. ದನಿ ನಡುಗಲಿಲ್ಲ. ಅದರ ಬಗ್ಗೆ ನನಗೆ ಇವತ್ತಿಗೂ ಜಂಬವಿದೆ.

ಅವರು ಕೂತರು. ಪಗಾರ ಏರಿಸಲು ಒಪ್ಪಿದರು, ಹೆರಿಗೆ ರಜೆಯ ಮಾತನ್ನು ಬಿಡಬೇಕು ಎಂದರು. ನಾವು ಬಿಡಲಿಲ್ಲ. ಆಮೇಲೆ ದನಿ ಇಳಿಸಿ, ಹುಕ್ಕೇರಿಯ ಹುಡುಗಿಯ ಕಡೆ ನೋಡಿ, "ಈಕಿದೊಂದು ನಾ ನೋಡ್ಕೋತೇನಿ. ಹಡದ ಮ್ಯಾಲೆ ಬರ್ಲಿ, ಕೆಲಸ ಇರ್ತೈತಿ. ಆದ್ರ ಕರಾರಿನ್ಯಾಗ ಬರಿಯಂಗಿಲ್ಲ" ಎಂದರು. ನನ್ನ ಮನಸ್ಸು ಅಲ್ಲಾಡಿತು. ಅವಳ ಮನೆಯ ಒಲೆ ಉರಿಯಬೇಕಲ್ಲ. ಒಪ್ಪಿಕೋ ಎಂದು ಕಣ್ಣಲ್ಲೇ ಸನ್ನೆ ಮಾಡಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ.

"ನನ್ನೊಬ್ಬಾಕಿಗಾದ್ರ ಬ್ಯಾಡ್ರಿ ಸರ್. ಎಲ್ಲಾರಿಗೂ ಬರೀರಿ."

"ಹಂಗಾರ ತಿಂಗಳ ಮುಗದ ಮ್ಯಾಲೆ ಮನಿಗೆ ನಡಿ. ನಿನ್ನ ಜಾಗಾಕ್ಕ ಬ್ಯಾರೆಯವರನ್ನ ತರತೇನಿ."

"ತರ್ರಿ ಸರ್. ಅವರೂ ಬಸಿರಾಗತಾರ."

ಹಿರಿಯ ಸಿಸ್ಟರು ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡರು. ಡಾಕ್ಟರು ಎದ್ದು ಹೋದರು. ತಿಂಗಳ ಕೊನೆಗೆ ಎಲ್ಲರಿಗೂ ಹೊಸ ಕರಾರು ಬಂತು, ಅವಳಿಗೆ ಬರಲಿಲ್ಲ. ನಾವು ಯಾರೂ ಸಹಿ ಮಾಡಲಿಲ್ಲ. ಗೋಡೆ ನೋಡಿದ್ದವರೂ ಮಾಡಲಿಲ್ಲ. ಡ್ಯೂಟಿ ಎಂದಿನಂತೆ ಮಾಡಿದೆವು, ಅವಳೂ ಸಮವಸ್ತ್ರ ತೊಟ್ಟು ದಿನಾ ಬಂದಳು. ಕಾಗದಗಳು ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಆ ವಾರ ದಾಟುವುದರೊಳಗೆ ಆಫೀಸಿನವರು ಅವನ್ನು ಒಯ್ದು, ಹೆರಿಗೆ ರಜೆಯ ಸಾಲು ಸೇರಿಸಿ ಬೇರೆ ತಂದರು. ಅದರಲ್ಲಿ ಅವಳದೂ ಇತ್ತು.

ಸಹಿ ಮಾಡಿ ಅವಳೂ ನಾನೂ ಬಸ್ ಸ್ಟ್ಯಾಂಡಿಗೆ ನಡೆಯುವಾಗ ಕೇಳಿದೆ: "ಅಂವ ತಾನಾಗೇ ಕೊಡಾಕತ್ತಾಗ ಬ್ಯಾಡ ಅಂದೆಲ್ಲ, ನಿನಗ ಹೆದರಿಕಿ ಆಗಲಿಲ್ಲೇನು?"

"ಆಗಿತ್ತಕ್ಕಾ, ಭಾಳ ಆಗಿತ್ತು" ಎಂದಳು. "ಆದ್ರ ಅಂವ ಕೊಡಾಕತ್ತಿರಲಿಲ್ಲ. ಅದು ನಂದ ಇತ್ತು."