ಗುರುಸಿದ್ದಮ್ಮನ ಗಟ್ಟಿ ಬೋರಮಾಳ

ನಿನ್ನೆ ಮಧ್ಯಾಹ್ನ ಪಕ್ಕದ ಮನೆಯ ಹೆಣ್ಣುಮಗಳು ತನ್ನ ಹೊಸ ಸರ ತೋರಿಸಲು ಬಂದಿದ್ದಳು. ಆಗಷ್ಟೇ ಅಂಟುವಾಳದ ನೀರಿನಲ್ಲಿ ತೊಳೆದಿದ್ದಳೆಂದು ಕಾಣುತ್ತದೆ. ಸರ ಕಣ್ಣಿಗೆ ಬೀಳುವ ಮೊದಲೇ ಆ ಒಗರು ವಾಸನೆ ಮೂಗಿಗೆ ಬಂತು. ನನ್ನ ಕಣ್ಣಿಗೆ ಈಗ ಬಂಗಾರವೂ ಒಂದೇ, ಬೆಲ್ಲವೂ ಒಂದೇ. ಆದರೂ ಅವಳು ಅದನ್ನು ನನ್ನ ಮುಖದ ಹತ್ತಿರ ಹಿಡಿದು, "ಚೊಕ್ಕ ಬಂಗಾರ ರೀ ಅಜ್ಜಿ, ಒಂದು ಚೂರೂ ಬೆರಕಿಲ್ಲ" ಎಂದಳು. ಚೊಕ್ಕ ಬಂಗಾರದಲ್ಲಿ ಅಷ್ಟು ಸಣ್ಣ ಕೊಂಡಿ ಮಾಡಿಸಿದರೆ ಸೆರಗಿಗೆ ಸಿಕ್ಕಿದ ದಿನವೇ ಬಾಯಿ ಬಿಡುತ್ತದೆ ಎನ್ನಬೇಕೆನಿಸಿತು. ಅನ್ನಲಿಲ್ಲ. ಚೆಂದ ಐತವ್ವ ಎಂದೆ. ಬಂಗಾರದ ಶುದ್ಧತೆಯ ಬಗ್ಗೆ ಮಾತಾಡುವವರ ಮುಂದೆ ನಾನು ಬಹಳ ವರ್ಷಗಳಿಂದ ಇಷ್ಟೇ ಹೇಳುವುದು. ಅದಕ್ಕಿಂತ ಹೆಚ್ಚು ಹೇಳಲು ಹೊರಟರೆ ನನ್ನ ಬಾಯಿಗೆ ಗುರುಸಿದ್ದಮ್ಮ ಬಂದುಬಿಡುತ್ತಾಳೆ.

ಗುರುಸಿದ್ದಮ್ಮ ನನ್ನ ತಂಗಿ ಪಾರವ್ವನ ಅತ್ತೆ. ಕುರುಗೋಡಿನವಳು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ನಾನಾಗಲೇ ಬಳ್ಳಾರಿಗೆ ಸೊಸೆಯಾಗಿ ಬಂದು ಎರಡು ಮಕ್ಕಳ ತಾಯಿಯಾಗಿದ್ದೆ. ತಂಗಿಯನ್ನು ಸಿರುಗುಪ್ಪದಿಂದ ಕುರುಗೋಡಿಗೆ ಕೊಟ್ಟಾಗ ನಮ್ಮ ಬಂಧುಬಳಗವೆಲ್ಲ ದೊಡ್ಡ ಮನೆ ಸಿಕ್ಕಿತೆಂದು ಹಿಗ್ಗಿತು. ಮನೆ ದೊಡ್ಡದೇ. ಗುರುಸಿದ್ದಮ್ಮನ ಗಂಡ ಸಾವುಕಾರರದು ಅರಳೆಯ ವ್ಯಾಪಾರ. ಮನೆಯ ಮುಂದೆ ಅಗಲವಾದ ಕಟ್ಟೆ, ಕಟ್ಟೆಯ ಮೇಲೆ ಸಾವುಕಾರರು, ಅವರ ಸುತ್ತ ಅವರ ಮಾತಿಗೆ ತಲೆಯಾಡಿಸುವ ನಾಲ್ಕು ಜನ. ಒಳಗೆ ಗುರುಸಿದ್ದಮ್ಮ. ಅವಳು ಬಂದವರ ಮುಖ ನೋಡುವುದಕ್ಕೆ ಮೊದಲು ಕೊರಳು ನೋಡುತ್ತಿದ್ದಳು. ಕೊರಳು ನೋಡಿದ ಮೇಲೆ ಮುಖ ನೋಡುವುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದಳು.

ಅವಳ ಸ್ವಂತ ಕೊರಳಲ್ಲಿ ಒಂದು ಬೋರಮಾಳ. ಬೋರೆಹಣ್ಣಿನ ಗಾತ್ರದ ಬಂಗಾರದ ಗುಂಡುಗಳನ್ನು ದಾರದಲ್ಲಿ ಪೋಣಿಸಿದ ಸರ. ನಮ್ಮ ಕಡೆ ಉಳ್ಳವರ ಮನೆಗಳಲ್ಲಿ ಅದು ಇದ್ದದ್ದೇ. ಇವಳದ್ದು ಮಾತ್ರ ಒಳಗೂ ಹೊರಗೂ ಬಂಗಾರವೇ, ಗಟ್ಟಿ. ಹಾಗೆಂದು ಅವಳೇ ಹೇಳುತ್ತಿದ್ದಳು. ಸಾವುಕಾರರಂತೂ ಕಟ್ಟೆಗೆ ಯಾರು ಬಂದರೂ, ತಾವು ಬಳ್ಳಾರಿಯಲ್ಲಿ ಅಕ್ಕಸಾಲಿ ಪತ್ತಾರನ ಮುಂದೆ ಕುಂತು, ಗುಂಡು ಗುಂಡಿಗೂ ಕಣ್ಣಿಟ್ಟು ಮಾಡಿಸಿದ ಕಥೆಯನ್ನು ಬಿಚ್ಚುತ್ತಿದ್ದರು. ನಾನು ಕುರುಗೋಡಿಗೆ ಹೋದಾಗಲೆಲ್ಲ ಆ ಕಥೆ ಕೇಳಿದ್ದೇನೆ. ಪ್ರತಿ ಸಲವೂ ಪತ್ತಾರ ಇನ್ನಷ್ಟು ಕಳ್ಳನಾಗುತ್ತಿದ್ದ, ಸಾವುಕಾರರು ಇನ್ನಷ್ಟು ಚುರುಕಾಗುತ್ತಿದ್ದರು.

ಇನ್ನು ನಮ್ಮಪ್ಪ. ಸಿರುಗುಪ್ಪದಲ್ಲಿ ಭತ್ತದ ಗದ್ದೆ ಮಾಡಿಕೊಂಡಿದ್ದ ಮನುಷ್ಯ. ಪಾರವ್ವನ ಮದುವೆಗೆ ಒಂದು ಜೊತೆ ಪಾಟ್ಲಿ ಮಾಡಿಸಿದ. ಅಗಲ ಪಟ್ಟಿಯ, ಕೈತುಂಬ ಕೂರುವ ಬಳೆಗಳು. ಅವುಗಳಿಗೆ ಬೇಕೆಂದೇ ಸ್ವಲ್ಪ ತಾಮ್ರ ಹಾಕಿಸಿದ. ಮುಚ್ಚಿಟ್ಟು ಹಾಕಿಸಲಿಲ್ಲ; ಬೀಗರ ಮುಂದೆಯೇ, ಮಗಳು ದುಡಿಯುವವಳು, ಪೂರಾ ಚೊಕ್ಕ ಆದರೆ ಬಳೆ ನಿಲ್ಲುವುದಿಲ್ಲ ಎಂದು ಹೇಳಿದ. ಅದು ನಿಜ. ಬೆರಕೆಯಿಲ್ಲದ ಬಂಗಾರ ಬೆಣ್ಣೆಯ ಜಾತಿ. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ತಿಜೋರಿಯಲ್ಲಿ ಇಡುವುದಕ್ಕೆ ಅದೇ ಸರಿ, ಮೈಮೇಲೆ ಹಾಕಿಕೊಂಡು ಸಂಸಾರ ಮಾಡುವುದಕ್ಕೆ ಅಲ್ಲ. ಒಂದಿಷ್ಟು ತಾಮ್ರ ಸೇರಿದರೆ ಬಣ್ಣ ತುಸು ಕೆಂಪಗಾಗುತ್ತದೆ, ಒಡವೆಗೆ ಬಿಗಿ ಬರುತ್ತದೆ. ಮದುವೆಯ ದಿನ ಸಾವುಕಾರರು ಅಪ್ಪನ ಮಾತಿಗೆ ತಲೆಯಾಡಿಸಿದ್ದರು. ಗುರುಸಿದ್ದಮ್ಮ ಒಳಗಿದ್ದಳು, ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಕಿವಿಗೆ ಬೀಳದಿದ್ದದ್ದು ಕಣ್ಣಿಗೆ ಬಿತ್ತು. ಪಾಟ್ಲಿಯ ಕೆಂಪು ನೋಡಿ ಅವಳು ಕುರುಗೋಡಿನ ಪತ್ತಾರನನ್ನು ಮನೆಗೇ ಕರೆಸಿದಳು. ಅವನು ಒರೆಗಲ್ಲಿನ ಮೇಲೆ ಬಳೆ ಉಜ್ಜಿ, ಗೀರಿಗೆ ತೇಜಾಬಿನ ಆಮ್ಲ ಮುಟ್ಟಿಸಿ, ಸಾವುಕಾರ್ತಿಯ ಮುಖ ನೋಡಿದ. ಆ ಮುಖದಲ್ಲಿ ಯಾವ ಉತ್ತರ ಬೇಕಾಗಿತ್ತೋ ಅದನ್ನೇ ಕೊಟ್ಟ: ಬೆರಕೆ ಬಹಳ ಇದೆ. ಪಾಟ್ಲಿ ಮೂಸೆಗೆ ಬಿದ್ದವು. ಕರಗಿಸಿ ತಾಮ್ರ ತೆಗೆದರೆ ಬಂಗಾರ ತೂಕದಲ್ಲಿ ಇಳಿಯುವುದು ಸಹಜ. ಹಾಗೆ ಇಳಿದದ್ದನ್ನೇ ಗುರುಸಿದ್ದಮ್ಮ ಮೋಸಕ್ಕೆ ಸಾಕ್ಷಿಯೆಂದು ಊರಿಗೆಲ್ಲ ಹೇಳಿಕೊಂಡು ಬಂದಳು. ಮನೆಯಲ್ಲಿ ನನ್ನ ತಂಗಿಗೆ ಹೊಸ ಹೆಸರು ಬಂತು, ತಾಮ್ರದ ಸೊಸಿ.

ಅಪ್ಪ ಕುರುಗೋಡಿಗೆ ಹೋದ. ಆಗ ಪೆಟ್ರೋಲು ಸಿಗುತ್ತಿರಲಿಲ್ಲ, ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಅಂಥ ಬಸ್ಸಿನಲ್ಲಿ ಮಸಿ ಕುಡಿದು, ಬಿಳಿ ರುಮಾಲು ಬೂದಿಬಣ್ಣ ಮಾಡಿಕೊಂಡು ಬೀಗರ ಕಟ್ಟೆಯ ಮುಂದೆ ನಿಂತ. ತಾನು ಅಂದು ಹೇಳಿಯೇ ಕೊಟ್ಟಿದ್ದನ್ನು ಸಾವುಕಾರರಿಗೆ ನೆನಪಿಸಿದ. ಸಾವುಕಾರರು ಎಲೆ ಅಡಿಕೆ ಹಾಕಿಕೊಂಡು, ಹೆಂಗಸರ ವಿಷಯ, ತಮಗೆ ಸರಿಯಾಗಿ ನೆನಪಿಲ್ಲ ಎಂದರು. ಗುರುಸಿದ್ದಮ್ಮ ಬಾಗಿಲಿಗೆ ಬಂದು, ನಾಲ್ಕು ಜನರ ಮುಂದೆ ಅಂದಳು:

"ನಮ್ಮ ಮನ್ಯಾಗ ತಾಮ್ರ ನೀರಿನ ಕೊಡದಾಗ ಐತ್ರಿ ಬೀಗ್ರ. ಹೆಣ್ಣುಮಕ್ಕಳ ಕೈಯಾಗಿಲ್ಲ."

ಅಪ್ಪ ಆ ಮನೆಯಲ್ಲಿ ನೀರು ಸಹ ಕುಡಿಯದೆ ಹಿಂದಿರುಗಿದ. ಬಳ್ಳಾರಿಯಲ್ಲಿ ಬಸ್ಸು ಬದಲಿಸುವಾಗ ನಮ್ಮ ಮನೆಗೆ ಬಂದಿದ್ದ. ನಾನು ರೊಟ್ಟಿ ಬಡಿಸಿದೆ, ಮುರಿದುಕೊಂಡು ಕೂತ, ಬಾಯಿಗೆ ಹಾಕಲಿಲ್ಲ. ಅವನನ್ನು ನಾನು ಅಷ್ಟು ಚಿಕ್ಕವನಾಗಿ ಎಂದೂ ನೋಡಿರಲಿಲ್ಲ.

ಪಾರವ್ವ ಅಳುವವಳಲ್ಲ. ಅಳುವ ಕೆಲಸವನ್ನೆಲ್ಲ ನಮ್ಮ ಮನೆಯಲ್ಲಿ ನಾನೇ ವಹಿಸಿಕೊಂಡಿದ್ದೆ. ಈರುಳ್ಳಿ ಕಂಡರೂ ಸಾಕಾಗುತ್ತಿತ್ತು. ಅವಳು ಸುಮ್ಮನೆ ಕೈ ಚಾಚಿ ಅತ್ತೆ ಅದೇ ಬಂಗಾರದಲ್ಲಿ ತಾಮ್ರವಿಲ್ಲದೆ ಮಾಡಿಸಿಕೊಟ್ಟ ಅಪರಂಜಿ ಪಾಟ್ಲಿ ಹಾಕಿಸಿಕೊಂಡಳು. ಹಾಕಿಸುವಾಗ ಗುರುಸಿದ್ದಮ್ಮ ಒಂದು ಕಟ್ಟಪ್ಪಣೆ ಮಾಡಿದ್ದಳು: ಮುತ್ತೈದೆಯ ಕೈ ಬರಿದಾಗಬಾರದು, ಇವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಸರಿ ಎಂದಳು ತಂಗಿ. ಮರುದಿನ ಜೋಳ ಬೀಸಲು ಕೂತಳು. ಬೀಸುವ ಕಲ್ಲಿನ ಗೂಟಕ್ಕೆ ತಗುಲಿ ತಗುಲಿ ಪಾಟ್ಲಿಯ ಅಂಚು ಮಡಚಿಕೊಂಡಿತು. ಕೊಡ ಎತ್ತಿದಳು, ಬಳೆ ಮೊಟ್ಟೆಯ ಆಕಾರಕ್ಕೆ ಬಂತು. ಅತ್ತೆ ಬಯ್ದಳು. ಆಗ ಪಾರವ್ವ ಬಹಳ ವಿನಯದಿಂದ, ತೆಗೆಯುವ ಹಾಗಿಲ್ಲ, ಬಾಗಿಸುವ ಹಾಗೂ ಇಲ್ಲ, ಇನ್ನು ತಾನು ಬೀಸುವುದು, ಕುಟ್ಟುವುದು, ನೀರು ಸೇದುವುದು ಬಿಟ್ಟರೆ ಹೇಗೆ ಎಂದು ಕೇಳಿದಳು. ಗುರುಸಿದ್ದಮ್ಮ ಒಪ್ಪಲೇಬೇಕಾಯಿತು. ಇಲ್ಲವೆಂದರೆ ಬಳೆ ತೆಗೆಸಬೇಕು, ತೆಗೆಸಿದರೆ ಅಪರಂಜಿ ಕೆಲಸಕ್ಕೆ ಬಾರದ್ದು ಎಂದು ಒಪ್ಪಿದಂತೆ!

ಅಲ್ಲಿಂದ ಮುಂದೆ ದೊಡ್ಡ ಮನೆಯ ಯಜಮಾನಿ ತಾನೇ ಜೋಳ ಬೀಸಿದಳು. ಕೆಲಸದವಳು ಬಾರದ ದಿನ ನೀರನ್ನೂ ತಂದಳು. ತಾಮ್ರದ ಸೊಸಿ ಜಗಲಿಯ ಮೇಲೆ ಕೂತು ಹೂ ಕಟ್ಟಿದಳು. ಹಬ್ಬಕ್ಕೆ ಹೋದ ನಾನು ಇದನ್ನು ಕಣ್ಣಾರೆ ನೋಡಿ, ನಗು ತಡೆಯಲು ಸೆರಗನ್ನು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಹೋದೆ. ಆದರೆ ನಗುವಿನಿಂದ ಹೆಸರು ಹೋಗುತ್ತದೆಯೇ? ಕುರುಗೋಡಿನಲ್ಲಿ ಅವಳು ತಾಮ್ರದ ಸೊಸಿಯಾಗಿಯೇ ಉಳಿದಳು. ಅಪ್ಪ ಮಗಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಮೊಮ್ಮಗ ಹುಟ್ಟಿ, ತೊಟ್ಟಿಲಿಗೆ ಹಾಕಿದರೂ ಹೋಗಲಿಲ್ಲ.

ಹೀಗೇ ವರ್ಷಗಳು ಕಳೆದವು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು. ನಾವಿನ್ನೂ ಮದರಾಸು ಪ್ರಾಂತ್ಯದ ಕೆಳಗೇ ಇದ್ದೆವು. ಆಗ ಗುರುಸಿದ್ದಮ್ಮನ ತಮ್ಮನ ಮಗಳ ಮದುವೆ ಬಳ್ಳಾರಿಯಲ್ಲಿ ಗೊತ್ತಾಯಿತು. ಮದುವೆ ಮನೆಯಲ್ಲಿ ಜಾಗ ಸಾಲದೆ ಸಾವುಕಾರರ ಕುಟುಂಬ ನಮ್ಮ ಮನೆಯಲ್ಲಿ ಇಳಿಯಿತು. ಅಪ್ಪ ನೀರೂ ಕುಡಿಯದೆ ಬಂದ ಮನೆಯವರಿಗೆ ನಾನು ಮಜ್ಜನಕ್ಕೆ ಬಿಸಿನೀರು ಕಾಯಿಸಿದೆ. ನಮ್ಮ ಹೆಣ್ಣುಮಕ್ಕಳ ಹಣೆಬರಹ ಇದು.

ಮದುವೆಯ ಹಿಂದಿನ ದಿನ ಅಡುಗೆಮನೆಯಲ್ಲಿ ಹೆಂಗಸರೆಲ್ಲ ಒಡವೆ ತೊಳೆಯಲು ಕೂತರು. ಒಡವೆ ತೊಳೆಯುವುದು ದೊಡ್ಡ ವಿದ್ಯೆಯಲ್ಲ, ಆದರೆ ಅವಸರದ ಕೆಲಸವೂ ಅಲ್ಲ. ಅಂಟುವಾಳವನ್ನು ನೆನೆಸಿ ಕಿವುಚಿ, ಉಗುರು ಬೆಚ್ಚಗಿನ ನೀರಿನಲ್ಲಿ ನೊರೆ ಎಬ್ಬಿಸಿ, ಮೆತ್ತನೆಯ ಬಟ್ಟೆಯಿಂದ ತಿಕ್ಕಬೇಕು. ಅರಿಶಿನ, ಎಣ್ಣೆ, ಬೆವರು ಕೂತ ಸಂದುಗಳನ್ನು ಹತ್ತಿಯಿಂದ ಬಿಡಿಸಬೇಕು. ಒಂದರ ಮೇಲೊಂದು ಹಾಕಿದರೆ ಗಟ್ಟಿಯದು ಮೆತ್ತಗಿನದನ್ನು ಸವೆಸುತ್ತದೆ, ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿಡಬೇಕು. ಇನ್ನು ಒಳಗೆ ಅರಗು ತುಂಬಿದ ಒಡವೆ ಇದ್ದರೆ ಬಿಸಿಯ ಹತ್ತಿರವೇ ಬಿಡಬಾರದು. ಬೋರಮಾಳಗಳೆಲ್ಲ ಬಹುಮಟ್ಟಿಗೆ ಹಾಗೇ. ತೆಳ್ಳನೆಯ ಬಂಗಾರದ ಸಿಪ್ಪೆಯೊಳಗೆ ಅರಗು. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸಿಪ್ಪೆ ಜಜ್ಜಿಹೋಗದಂತೆ ಒಳಗಿನ ಅರಗೇ ಕಾಯುತ್ತದೆ.

ನಾನು ಗುರುಸಿದ್ದಮ್ಮನ ಮುಂದೆ ತಣ್ಣೀರಿನ ಬೋಗುಣಿ ಇಟ್ಟೆ. ಅವಳು ಅದನ್ನು ನೋಡಿ, ಇದೇಕೆ ಎಂದಳು. ಪಾರವ್ವ ಮೆಲ್ಲಗೆ, ಒಳಗೆ ಅರಗಿದ್ದರೆ ಬಿಸಿನೀರು ಬೇಡವೆಂದು ಅಕ್ಕ ಇಟ್ಟಿರಬೇಕು ಎಂದಳು. ಬೀಗರ ಕಡೆಯ ಹೆಂಗಸರೆಲ್ಲ ತಿಕ್ಕುವುದು ಬಿಟ್ಟು ಗುರುಸಿದ್ದಮ್ಮನ ಕೊರಳನ್ನೇ ನೋಡತೊಡಗಿದರು. ಎಷ್ಟೋ ಕೊರಳುಗಳನ್ನು ಅಳೆದು ನೋಡಿದ ಹೆಂಗಸು ಅವಳು. ಸರ ತೆಗೆದಳು. ಒಲೆಯ ಮೇಲೆ ಬೇಳೆಗೆಂದು ಎಸರು ಕುದಿಯುತ್ತಿತ್ತು.

"ಗಟ್ಟಿ ಬಂಗಾರಕ್ಕ ಬಿಸಿನೀರಿಂದು ಏನು ಅಂಜಿಕಿ?" ಎಂದವಳೇ ಎಸರಿನೊಳಗೆ ಇಳಿಬಿಟ್ಟಳು.

ನಾನು ಬೇಡವೆನ್ನಬಹುದಿತ್ತು. ಅಪ್ಪ ಮುರಿದಿಟ್ಟ ರೊಟ್ಟಿ ಕಣ್ಣ ಮುಂದೆ ಬಂತು, ಸುಮ್ಮನೆ ಒಲೆಗೆ ಇನ್ನೊಂದು ಸೌದೆ ಸರಿಸಿದೆ. ಇದರ ಬಗ್ಗೆ ನನಗೆ ಆಗಲೂ ಪಶ್ಚಾತ್ತಾಪವಿರಲಿಲ್ಲ, ಈಗಲೂ ಇಲ್ಲ.

ಮೊದಲು ವಾಸನೆ ಬಂತು. ಕಾಗದಕ್ಕೆ ಅರಗಿನ ಮುದ್ರೆ ಒತ್ತುವಾಗ ಬರುತ್ತದಲ್ಲ, ಅದೇ ವಾಸನೆ. ಆಮೇಲೆ ನೀರಿನಲ್ಲಿ ಕೆಂಪು ಎಳೆಗಳು ಎದ್ದವು. ಸೌಟಿನಿಂದ ಎತ್ತಿದಾಗ ಗುಂಡುಗಳ ತೂತಿನಿಂದ ಅರಗು ಮೇಣದಂತೆ ಜೋತುಬಿದ್ದಿತ್ತು. ಗುರುಸಿದ್ದಮ್ಮ ಅವಸರದಲ್ಲಿ ಒಂದು ಗುಂಡನ್ನು ಬೆರಳಲ್ಲಿ ಹಿಡಿದಳು. ಅದು ಒಣಗಿದ ಬೋರೆಹಣ್ಣಿನಂತೆಯೇ ಚಪ್ಪಟೆಯಾಯಿತು. ಹೆಂಗಸರಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಾಯಿತು.

ನಾನು ನಗಲು ಸಿದ್ಧಳಾಗಿಯೇ ಇದ್ದೆ. ಆದರೆ ಅವಳ ಮುಖ ಸಿಕ್ಕಿಬಿದ್ದವರ ಮುಖವಾಗಿರಲಿಲ್ಲ. ಅವಳಿಗೆ ಗೊತ್ತೇ ಇರಲಿಲ್ಲ. ಒದ್ದೆ ಸರವನ್ನು ಕೈಯಲ್ಲಿ ಹಿಡಿದುಕೊಂಡು ಪಡಸಾಲೆಗೆ ನಡೆದಳು. ಅಲ್ಲಿ ಸಾವುಕಾರರು ನಮ್ಮ ಮನೆಯವರಿಗೆ ಅರಳೆಯ ಧಾರಣೆ ಹೇಳುತ್ತಿದ್ದರು. ಸರ ನೋಡಿದರು. ಒಂದು ಕ್ಷಣವೂ ತಡವಾಗಲಿಲ್ಲ, ಪತ್ತಾರ ಮೋಸ ಮಾಡಿದ ಎಂದರು. ಆ ಬಳ್ಳಾರಿಯ ಪತ್ತಾರ ಸತ್ತು ಎಷ್ಟೋ ಕಾಲವಾಗಿತ್ತು. ಸತ್ತವನ ತಲೆಗೆ ಕಟ್ಟುವುದು ಎಷ್ಟು ಸುಲಭ!

ಗುರುಸಿದ್ದಮ್ಮ ದನಿ ಏರಿಸಲಿಲ್ಲ. "ನೀವ ಮುಂದ ಕುಂತು ಮಾಡಿಸೀನಿ ಅಂದಿದ್ರಿ" ಎಂದಳು.

ಸಾವುಕಾರರು ರುಮಾಲು ಸುತ್ತಿಕೊಂಡು, ಮದುವೆ ಮನೆಯಲ್ಲಿ ಕೆಲಸವಿದೆಯೆಂದು ಹೊರಟುಹೋದರು. ಹೆಂಡತಿಯ ಗಟ್ಟಿ ಬಂಗಾರದ ಕಥೆಯಿಂದ ಅಷ್ಟು ವರ್ಷ ಕಟ್ಟೆಯ ಮೇಲೆ ಮೀಸೆ ತಿರುವಿದ ಗಂಡಸಿಗೆ, ಅವಳ ಮುಂದೆ ಒಂದು ಗಳಿಗೆ ನಿಲ್ಲುವ ಗಟ್ಟಿತನ ಇರಲಿಲ್ಲ. ಮರುದಿನ ಅವಳು ತಾಳಿಯೊಂದನ್ನೇ ಹಾಕಿಕೊಂಡು ಮದುವೆಗೆ ಬಂದಳು. ಯಾರ ಕೊರಳನ್ನೂ ನೋಡಲಿಲ್ಲ.

ಸುಗ್ಗಿ ಮುಗಿದ ಮೇಲೆ ಒಂದು ದಿನ ಗುರುಸಿದ್ದಮ್ಮ ಪಾರವ್ವನನ್ನೂ ಮೊಮ್ಮಗನನ್ನೂ ಕರೆದುಕೊಂಡು, ಹೇಳದೆ ಕೇಳದೆ ಸಿರುಗುಪ್ಪಕ್ಕೆ ಬಂದಿಳಿದಳು. ನಾನು ತವರಿನಲ್ಲೇ ಇದ್ದೆ. ಅಪ್ಪ ಅಂಗಳದಲ್ಲಿ ಭತ್ತ ಹರವುತ್ತಿದ್ದ. ಅವಳು ಸೆರಗಿನ ಗಂಟು ಬಿಚ್ಚಿ ಸೊಟ್ಟಾದ ಅಪರಂಜಿ ಪಾಟ್ಲಿಗಳನ್ನು ಹೊರತೆಗೆದಳು. ತಪ್ಪಾಯಿತು ಎನ್ನುವ ಮಾತು ಅವಳಿಗೆ ಬರುತ್ತಿರಲಿಲ್ಲ, ಕಲಿತಿರಲಿಲ್ಲ.

"ಬೀಗ್ರ, ಇದಕ ಎಷ್ಟು ತಾಮ್ರ ಹಾಕಿಸ್ಬೇಕು, ಕೇಳಾಕ ಬಂದೀನಿ" ಎಂದಳು.

ಅಪ್ಪ ಕೈಯ ಧೂಳು ಕೊಡವಿಕೊಂಡ. ಪಾಟ್ಲಿಗಳನ್ನು ಮುಟ್ಟಲಿಲ್ಲ. "ಮೊದ್ಲು ಉಣ್ಣಾಕ ಬರ್ರಿ ಅಮ್ಮಾರ" ಎಂದ. ಆಮೇಲೆ ಮೊಮ್ಮಗನನ್ನು ಎತ್ತಿಕೊಂಡು ಎಷ್ಟು ಹೊತ್ತಾದರೂ ಕೆಳಗಿಳಿಸಲಿಲ್ಲ.

ಪಾಟ್ಲಿ ಮತ್ತೆ ಕೆಂಪಗಾದವು, ಪಾರವ್ವ ಮತ್ತೆ ಜೋಳ ಬೀಸಿದಳು. ತಾಮ್ರದ ಸೊಸಿ ಎಂದವರಿಗೆ ಗುರುಸಿದ್ದಮ್ಮನೇ ಮುಖ ತಿರುಗಿಸುತ್ತಿದ್ದಳಂತೆ. ಕೆಲವು ಕಾಲದ ಮೇಲೆ ಸಾವುಕಾರರು, ಹಳೆಯದನ್ನು ಕರಗಿಸಿ ಇನ್ನಷ್ಟು ಬಂಗಾರ ಸೇರಿಸಿ ಹೊಸ ಬೋರಮಾಳ ಮಾಡಿಸಿಕೊಡುವುದಾಗಿ ಕಟ್ಟೆಯ ಜನರಿಗೆಲ್ಲ ಕೇಳಿಸುವಂತೆ ಹೇಳಿದರು. ಅವಳು ಒಳಗಿನಿಂದಲೇ ಉತ್ತರ ಕೊಟ್ಟಳೆಂದು ಪಾರವ್ವ ನನಗೆ ಹೇಳಿದ್ದಾಳೆ:

"ಬ್ಯಾಡ್ರಿ. ಮತ್ತ ನೀವು ಮುಂದ ಹೋಗಿ ಕುಂದ್ರತೀರಿ."

ಅವಳು ತೀರಿಕೊಂಡಾಗ ನಾನು ಹೋಗಿದ್ದೆ. ಸಾವುಕಾರರು ಬಂದವರಿಗೆಲ್ಲ ತಮ್ಮ ಹೆಂಡತಿ ಅಪರಂಜಿಯಂಥವಳು ಎನ್ನುತ್ತ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಮಾತು ಎಲ್ಲರಿಗೂ ಬಹಳ ಹಿಡಿಸಿತು.

ನಮ್ಮ ಮನೆಯ ಮಕ್ಕಳಿಗೆ ಈ ಕಥೆ ಹೇಳಿದಾಗಲೆಲ್ಲ ಅವರು ಎಸರಿನಲ್ಲಿ ಸರ ಇಳಿಬಿಟ್ಟ ಹೆಂಗಸನ್ನು ನೆನೆದು ಬಿದ್ದು ಬಿದ್ದು ನಗುತ್ತಾರೆ. ನಾನೂ ಅವರನ್ನು ನಗಿಸಲೆಂದೇ ಹೇಳುತ್ತಿದ್ದೆ. ಈಚೆಗೆ ಹಾಗೆ ಹೇಳಲು ಮನಸ್ಸು ಬರುವುದಿಲ್ಲ. ನಂಬಿ ನೀರಿಗೆ ಹಾಕಿದವಳನ್ನು ನೋಡಿ ನಗುವುದು ಬೇಡ, ರುಮಾಲು ಸುತ್ತಿಕೊಂಡು ಹೊರಟವನನ್ನು ನೋಡಿ ನಗಿರಿ ಎನ್ನುತ್ತೇನೆ. ಅವರಿಗೆ ಅದು ಅಷ್ಟು ತಮಾಷೆ ಎನಿಸುವುದಿಲ್ಲ.