ಕುಂಬಳಕಾಯಿಯ ಅಗೆಲು

ಮಂತ್ರದೀಕ್ಷೆ ತೆಗೆದುಕೊಂಡ ಹೊಸದರಲ್ಲಿ ನನ್ನಷ್ಟು ತಲೆ ತಿನ್ನುವ ಮನುಷ್ಯ ಪುತ್ತೂರು ಪೇಟೆಯಲ್ಲಿ ಇನ್ನೊಬ್ಬ ಇದ್ದಿರಲಾರ. ಪಂಪ್‌ಸೆಟ್ಟಿನ ಅಂಗಡಿ ನನ್ನದು. ಮೋಟಾರು ಸುಟ್ಟುಹೋಯಿತೆಂದು ಗೋಳಾಡುತ್ತ ಬಂದವರನ್ನೂ ಕೂರಿಸಿ, ತಂತ್ರದಲ್ಲಿ ವಾಮಾಚಾರ ಎಂದರೇನು, ದಕ್ಷಿಣಾಚಾರ ಎಂದರೇನು ಎಂದು ಕೊರೆಯುತ್ತಿದ್ದೆ. ವಾಮದವರು ಮದ್ಯಮಾಂಸವನ್ನೇ ದೇವಿಯ ಮುಂದಿಟ್ಟು ಸ್ವೀಕರಿಸುತ್ತಾರೆ. ದಕ್ಷಿಣದಲ್ಲಿ ಕಂಚಿನ ಪಾತ್ರೆಗೆ ಹೊಯ್ದ ಎಳನೀರು, ನಮ್ಮ ಬೊಂಡದ ನೀರೇ ಮದ್ಯ, ಕುಂಕುಮ ಹಚ್ಚಿದ ಕುಂಬಳಕಾಯಿಯೇ ಬಲಿ. ಇಷ್ಟು ಹೇಳುವಾಗ ನನ್ನ ಮುಖದಲ್ಲಿ ಒಂದು ಕಳೆ ಬರುತ್ತಿತ್ತಂತೆ. ಹೆಂಡತಿ ಹೇಳಿದ್ದು. ಹೊಗಳಿಕೆ ಎಂದೇ ತಿಳಿದಿದ್ದೆ.

ಗುರುಗಳು ಹೇಳಿದ್ದು ಒಂದೇ ಮಾತು: "ಎರಡೂ ದಾರಿಗಳೇ. ನಿನಗೆ ಕೊಟ್ಟದ್ದು ದಕ್ಷಿಣದ್ದು. ನೀನು ಅದರಲ್ಲಿ ನಡೆ." ನಾನೋ ಇಡೀ ಕುಟುಂಬವನ್ನೇ ನಡೆಸಲು ಹೊರಟೆ.

ನರಿಮೊಗರಿನ ನಮ್ಮ ಕುಟುಂಬದ ಮನೆಯಲ್ಲಿ ಕಲ್ಲುರ್ಟಿ ದೈವ ಇದೆ. ವರ್ಷಕ್ಕೊಮ್ಮೆ ಅವಳಿಗೆ ಅಗೆಲು: ಬಾಳೆಲೆಯಲ್ಲಿ ಅನ್ನ, ಕೋಳಿ ಪದಾರ್ಥ, ಪಕ್ಕದಲ್ಲಿ ಕಳ್ಳು. ಅವಳಿಗೆ ಬಡಿಸಿದ ಮೇಲೆ ಮನೆಯವರೆಲ್ಲ ಕೂತು ಅದನ್ನೇ ಉಣ್ಣಬೇಕು. ತಾಯಿಯ ಅಣ್ಣ, ನನ್ನ ದೊಡ್ಡ ಮಾವ, ಅದನ್ನು ನಡೆಸಿಕೊಂಡು ಬಂದವರು. ಮೊಣಕಾಲು ಮಡಚಲಾಗದೆ ಹೋದಾಗ, ನಮ್ಮ ಅಳಿಯಕಟ್ಟಿನಂತೆ, ಸೋದರಳಿಯನಾದ ನನಗೆ ಅದನ್ನು ಒಪ್ಪಿಸಿದರು. ನಾನು ಮಾಡಿದ ಮೊದಲ ಕೆಲಸ ಕೋಳಿ, ಕಳ್ಳು ನಿಲ್ಲಿಸಿದ್ದು.

"ಇನ್ನು ಕುಂಬಳಕಾಯಿ, ಬೊಂಡದ ನೀರು ಸಾಕು" ಎಂದೆ. ಗಲಾಟೆಯಾದೀತೆಂದು ಶ್ಲೋಕಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಯಾರೂ ಎದುರಾಡಲಿಲ್ಲ. ಮಾವ "ನೀನು ಹೇಳಿದ ಹಾಗೆ ಆಗ್ಲಿ" ಎಂದರು. ಅಕ್ಕ ನೆಟ್ಟಣದಿಂದ ಬಂದು ಕುಂಬಳಕಾಯಿ ಹೆಚ್ಚಿದಳು. ಎಲ್ಲರೂ ತಲೆ ತಗ್ಗಿಸಿ ಉಂಡರು, ಬೇಗ ಎದ್ದರು. ಆ ಮೌನವನ್ನು ಸಾತ್ವಿಕತೆ ಎಂದುಕೊಂಡು ಬೀಗಿದೆ. ಆಮೇಲಿನ ವರ್ಷಗಳಲ್ಲೂ ಹಾಗೆಯೇ ನಡೆಯಿತು.

ಈ ಸಲ ಅಗೆಲು ಮುಗಿದ ಮರುವಾರ ಕಡಬದ ಕಡೆ ಒಂದು ಪಂಪು ಕೂರಿಸಲಿಕ್ಕಿತ್ತು. ಹೋದವನು, ಹೇಳದೆ ಕೇಳದೆ ಅಲ್ಲೇ ಹತ್ತಿರ ನೆಟ್ಟಣದ ಅಕ್ಕನ ಮನೆಗೂ ಹೊಕ್ಕೆ. ಜಗಲಿಯಲ್ಲಿ ಮಾವನ ಊರುಗೋಲು. ಹಿತ್ತಲಿನಿಂದ ಕೋಳಿ ಪದಾರ್ಥದ ಪರಿಮಳ, ಅದರ ಜೊತೆಗೆ ಜೋರು ನಗು. ಹೋಗಿ ನೋಡಿದರೆ ಕುಟುಂಬ ಪೂರ್ತಿ ಅಲ್ಲಿತ್ತು. ತವರಿಗೆಂದು ಹೇಳಿ ಹೋಗಿದ್ದ ನನ್ನ ಹೆಂಡತಿ ಬಾಳೆಲೆ ಒರೆಸುತ್ತಿದ್ದಳು. ಮಾವ ಒಂದು ಕೈಯಲ್ಲಿ ಮೊಣಕಾಲು ಹಿಡಿದು, ನೋವಿಗೆ ಹಲ್ಲು ಕಚ್ಚಿ, ಬಗ್ಗಿ ಬಡಿಸುತ್ತಿದ್ದರು.

ನನ್ನನ್ನು ಕಂಡದ್ದೇ ನಗು ನಿಂತಿತು.

"ಒಂದು ಫೋನ್ ಮಾಡ್ಲಿಕ್ಕೆ ಆಗುದಿಲ್ವಾ ಮಾರಾಯ ನಿಂಗೆ?" ಅಕ್ಕ ಸೆರಗಿನಲ್ಲಿ ಕೈ ಒರೆಸುತ್ತ ಎದ್ದಳು.

"ಇದೆಂತ ಅಕ್ಕ?"

"ಪ್ರತಿ ವರ್ಷ ಉಂಟು. ಅಲ್ಲಿ ನಿನ್ನ ಅಗೆಲು ಆದ ಮೇಲೆ ಇಲ್ಲಿ ಕಲ್ಲುರ್ಟಿಯದ್ದು."

ನಿನ್ನ ಅಗೆಲು! ಹೆಂಡತಿ ಎಲೆಯಿಂದ ಕಣ್ಣು ಎತ್ತಲಿಲ್ಲ.

ಮಾವ ಗೋಡೆ ಹಿಡಿದು ನೆಟ್ಟಗಾದರು. "ಅಲ್ಲಿ ಮಾಡುದು ನಿಂಗೆ ಬೇಜಾರಾಗುದು ಬೇಡ ಅಂತ. ಹಾಗಂತ ಅವಳನ್ನು ಉಪವಾಸ ಹಾಕ್ಲಿಕ್ಕೆ ಆಗ್ತದಾ ಮಗಾ?" ಎಂದವರು, ನಾನು ನೋಡುತ್ತಿದ್ದಂತೆ ಎರಡೂ ಕೈ ಜೋಡಿಸಿದರು. "ನಮ್ಮಿಂದ ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳ್ಬೇಕು."

ಅದು ಅಗೆಲಿನ ಕೊನೆಗೆ ಕಲ್ಲುರ್ಟಿಯ ಮುಂದೆ ನಿಂತು ಹೇಳುವ ಮಾತು. ಮುನಿದರೆ ಮನೆಗೆ ಒಳ್ಳೆಯದಾಗದ ಇನ್ನೊಂದು ದೈವ ಇವರಿಗೆ ಗಂಟು ಬಿದ್ದಿತ್ತು. ಇಷ್ಟು ವರ್ಷ ಅದಕ್ಕೆ ಕುಂಬಳಕಾಯಿ ಬಡಿಸಿ, ಬೊಂಡದ ನೀರಿಟ್ಟು, ಎದುರು ನಗದೆ, ಮಾತಾಡದೆ ಸಮಾಧಾನ ಮಾಡಿಕೊಂಡು ಬಂದಿದ್ದರು. ಮಾವ ಈಗ ಕೈ ಮುಗಿದದ್ದೂ ಅದಕ್ಕೇ.

"ಕೂತ್ಕೋ. ನಿಂಗೆ ಬೇರೆ ಪಾತ್ರೆಯಲ್ಲಿ ಎಂತಾದ್ರೂ ಮಾಡ್ತೇನೆ" ಎಂದಳು ಅಕ್ಕ.

ಬೇಡವೆಂದು ತಲೆಯಾಡಿಸಿದೆ. ಆದರೂ ಯಾರೂ ಎಲೆಯ ಮುಂದೆ ಕೂರಲಿಲ್ಲ. ಏಕೆಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲರೂ ನನ್ನ ಅಪ್ಪಣೆಗೆ ಕಾಯುತ್ತಿದ್ದರು, ನಿಲ್ಲಲಾಗದ ಮಾವ ಕೂಡ.